ಸೇತುವೆ ಬಿದ್ದದ್ದು ಭಾನುವಾರ: ಸ್ಟೋಕ್ಸ್ ಸಾಹೇಬರ ಗಣಿತ, ದೇವರು ಮತ್ತು ಗಾಳಿಯ ಲೆಕ್ಕ

ಭೌತಶಾಸ್ತ್ರ ಮೇಷ್ಟ್ರು:

ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆಲ್ಲ ಸ್ಟೋಕ್ಸ್ ಹೆಸರು ಗೊತ್ತು. ಹರಳೆಣ್ಣೆ ತುಂಬಿದ ಗಾಜಿನ ಕೊಳವೆಗೆ ಚಿಕ್ಕ ಉಕ್ಕಿನ ಗುಂಡು ಬಿಡುತ್ತೇವೆ. ಅದು ಇಳಿಯುವ ವೇಗ ಅಳೆದು ಎಣ್ಣೆಯ ಸ್ನಿಗ್ಧತೆ, ಅಂದರೆ ಅದು ಎಷ್ಟು ಮಂದ ಅಂತ, ಲೆಕ್ಕ ಹಾಕುತ್ತೇವೆ. ಬಿಎಸ್ಸಿಗೆ ಹೋದರೆ ಸ್ಟೋಕ್ಸ್ ಪ್ರಮೇಯ ಬರುತ್ತದೆ. ಆದರೆ ಆ ಮನುಷ್ಯ ಯಾರು ಅಂತ ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಹುಟ್ಟಿದ್ದು 1819ರಲ್ಲಿ, ಐರ್ಲೆಂಡಿನ ಸ್ಲೈಗೋ ಜಿಲ್ಲೆಯ ಸ್ಕ್ರೀನ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. 1849ರಲ್ಲಿ, ಮೂವತ್ತರ ಹರೆಯದಲ್ಲಿ, ಕೇಂಬ್ರಿಡ್ಜ್‌ನಲ್ಲಿ ನ್ಯೂಟನ್ ಕೂತಿದ್ದ ಲುಕೇಸಿಯನ್ ಗಣಿತ ಪ್ರಾಧ್ಯಾಪಕ ಪೀಠಕ್ಕೆ ಬಂದರು. 1903ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ದ್ರವಗಳ ಹರಿವು, ಬೆಳಕು, ಪ್ರತಿದೀಪ್ತಿ (ಫ್ಲೋರೆಸೆನ್ಸ್) ಎಲ್ಲದರಲ್ಲೂ ಅವರ ಕೆಲಸ ಇದೆ. ಜೊತೆಗೆ ಎಡಿನ್‌ಬರೋದಲ್ಲಿ ದೇವರ ಅಸ್ತಿತ್ವದ ಬಗ್ಗೆ ಗಿಫರ್ಡ್ ಉಪನ್ಯಾಸಗಳನ್ನು ಕೊಟ್ಟರು. ಅವು 'ನ್ಯಾಚುರಲ್ ಥಿಯಾಲಜಿ' ಎಂಬ ಹೆಸರಲ್ಲಿ ಎರಡು ಸಂಪುಟಗಳಾಗಿ ಬಂದಿವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ಎರಡು ದೊಡ್ಡ ರೈಲು ಸೇತುವೆ ದುರಂತಗಳಾದ ಮೇಲೆ ನಡೆದ ಲೆಕ್ಕಾಚಾರದಲ್ಲಿ ಈ ಮನುಷ್ಯ ಇದ್ದಾರೆ.

ಮೊದಲನೆಯದು 1847ರ ಮೇ 24. ಇಂಗ್ಲೆಂಡಿನ ಚೆಸ್ಟರ್ ಊರಿನ ಬಳಿ ಡೀ ನದಿಯ ಸೇತುವೆ ರೈಲಿನ ಕೆಳಗೆ ಮುರಿದು ಐದು ಜನ ಸತ್ತರು. ಸೇತುವೆ ಕಟ್ಟಿಸಿದವರು ಆ ಕಾಲದ ದೊಡ್ಡ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್. ಗರ್ಡರ್‌ಗಳು ಬೀಡು ಕಬ್ಬಿಣದವು. ಇಡೀ ದೇಶದಲ್ಲಿ ಅದೇ ಥರದ ಸೇತುವೆಗಳಿದ್ದವು, ಹಾಗಾಗಿ ಎಲ್ಲರಿಗೂ ಭಯ ಹತ್ತಿತು. ಸರ್ಕಾರ ಆಯೋಗ ನೇಮಿಸಿತು. ಆಗ ಎದ್ದ ಪ್ರಶ್ನೆ ಇದು: ನಿಂತಿರುವ ರೈಲಿನ ಭಾರಕ್ಕೂ ಓಡುವ ರೈಲಿನ ಭಾರಕ್ಕೂ ವ್ಯತ್ಯಾಸ ಎಷ್ಟು? ಓಡುವ ಭಾರ ಸೇತುವೆಯನ್ನು ಜಾಸ್ತಿ ಬಗ್ಗಿಸುತ್ತದಾ?

ಕೇಂಬ್ರಿಡ್ಜ್‌ನ ಪ್ರೊಫೆಸರ್ ರಾಬರ್ಟ್ ವಿಲ್ಲಿಸ್, ಅವರೂ ದೀಕ್ಷೆ ಪಡೆದ ಪಾದ್ರಿ, ಸಣ್ಣ ಕಂಬಿಗಳ ಮೇಲೆ ತೂಕದ ಗಾಡಿ ಓಡಿಸಿ ಪ್ರಯೋಗ ಮಾಡಿದರು. ಬಾಗುವಿಕೆ ನಿಜಕ್ಕೂ ಹೆಚ್ಚಾಗುತ್ತಿತ್ತು. ಅದಕ್ಕೊಂದು ಸಮೀಕರಣ ಬರೆದರು. ಬಿಡಿಸಿದ್ದು ಸ್ಟೋಕ್ಸ್, 1849ರಲ್ಲಿ.

ಎರಡನೆಯದು ಟೇ ಸೇತುವೆ. 1879ರ ಡಿಸೆಂಬರ್ 28, ಭಾನುವಾರ ರಾತ್ರಿ, ಸ್ಕಾಟ್ಲೆಂಡಿನ ಡಂಡೀ ಊರಿನ ಬಳಿ. ಬಿರುಗಾಳಿಯಲ್ಲಿ ಸೇತುವೆಯ ನಡುವಿನ ಎತ್ತರದ ಭಾಗವೇ ನದಿಗೆ ಬಿತ್ತು. ಜೊತೆಗೆ ಅದರ ಮೇಲೆ ಹೋಗುತ್ತಿದ್ದ ರೈಲೂ ಬಿತ್ತು. ಒಬ್ಬರೂ ಉಳಿಯಲಿಲ್ಲ. ಸತ್ತವರು ಸುಮಾರು 75 ಎಂದು ಬಹಳ ಕಾಲ ಹೇಳುತ್ತಿದ್ದರು. ದಾಖಲೆಗಳಲ್ಲಿ ಖಚಿತವಾಗಿ ಸಿಗುವ ಹೆಸರುಗಳು 59. ವಿಚಾರಣೆಯಲ್ಲಿ ಸ್ಟೋಕ್ಸ್ ಗಾಳಿಯ ಬಗ್ಗೆ ಸಾಕ್ಷ್ಯ ಹೇಳಿದರು. ಆಮೇಲೆ ರೈಲ್ವೆ ಸೇತುವೆಗಳ ಮೇಲೆ ಗಾಳಿಯ ಒತ್ತಡ ಎಷ್ಟೆಂದು ನಿರ್ಧರಿಸುವ ಸರ್ಕಾರಿ ಸಮಿತಿಯಲ್ಲಿ ಕೂತರು.

ಭಾನುವಾರ ರೈಲು ಓಡಿಸಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಅಂತ ಆಗ ಸ್ಕಾಟ್ಲೆಂಡಿನಲ್ಲಿ ಗಟ್ಟಿಯಾಗಿ ಹೇಳಿದವರಿದ್ದರು. ಸ್ಟೋಕ್ಸ್ ಅವರಷ್ಟೇ ಭಕ್ತ. ಆದರೂ ಅವರು ಗಾಳಿ ಅಳೆಯುವ ಯಂತ್ರದ ತಪ್ಪನ್ನು ಹುಡುಕುತ್ತಾ ಕೂತರು. ಅವರ ನಂಬಿಕೆಗೂ ಈ ಕೆಲಸಕ್ಕೂ ಸಂಬಂಧ ಇದೆ ಅಂತ ನನಗೆ ಅನಿಸುತ್ತದೆ. ನಿಮಗೆ ಏನನಿಸುತ್ತದೆ?

ಸಿವಿಲ್ ಹುಬ್ಬಳ್ಳಿ:

ಮೇಷ್ಟ್ರೇ, ಒಳ್ಳೆ ವಿಷಯ ತೆಗೆದಿರಿ. ಗಾಳಿಯ ಭಾಗ ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ದಿನದ ಕೆಲಸವೇ ಅದು.

ಟೇ ಸೇತುವೆಯ ಎಂಜಿನಿಯರ್ ಥಾಮಸ್ ಬೌಚ್. ಗಾಳಿಗೆಂದು ತಾನು ಪ್ರತ್ಯೇಕ ಲೆಕ್ಕ ಇಟ್ಟಿರಲಿಲ್ಲ ಎಂದು ವಿಚಾರಣೆಯಲ್ಲಿ ಅವರೇ ಒಪ್ಪಿಕೊಂಡರು. ಫೋರ್ತ್ ನದಿಗೆ ಅವರು ಯೋಜಿಸಿದ್ದ ಇನ್ನೊಂದು ಸೇತುವೆಗೆ ಬ್ರಿಟನ್ನಿನ ಆಸ್ಥಾನ ಖಗೋಳಜ್ಞ ಜಾರ್ಜ್ ಏರಿ ಒಂದು ಸಲಹೆ ಕೊಟ್ಟಿದ್ದರು. ಇಡೀ ಹರವಿನ ಮೇಲೆ ಸರಾಸರಿ ಚದರ ಅಡಿಗೆ 10 ಪೌಂಡ್ ಹಿಡಿದರೆ ಸಾಕು ಅಂತ.

ಅದು ಎಷ್ಟು ಕಮ್ಮಿ ಅಂತ ನೋಡಿ. ಚದರ ಅಡಿಗೆ 10 ಪೌಂಡ್ ಅಂದರೆ ಚದರ ಮೀಟರಿಗೆ ಸುಮಾರು 480 ನ್ಯೂಟನ್. ಕಟ್ಟಡಗಳ ಮೇಲೆ ಗಾಳಿಯ ಭಾರ ಎಷ್ಟು ಹಿಡಿಯಬೇಕೆಂದು ಹೇಳುವ ನಮ್ಮ ಭಾರತೀಯ ಮಾನಕ ಐಎಸ್ 875, ಭಾಗ 3ರ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸುಮಾರು 650 ನ್ಯೂಟನ್ ಬರುತ್ತದೆ. ಅಂದರೆ ಬಿರುಗಾಳಿಗೆ ಹೆಸರಾಗದ ಬೆಂಗಳೂರಿನಲ್ಲಿ ಒಂದು ಮನೆಗೆ ಹಿಡಿಯುವ ಅಂಕಿಯೇ ಅದಕ್ಕಿಂತ ಜಾಸ್ತಿ. ಏರಿ ಹೇಳಿದ್ದು ದೊಡ್ಡ ಹರವಿನ ಸರಾಸರಿ, ನಮ್ಮದು ಕೆಲವೇ ಸೆಕೆಂಡಿನ ಜೋರು ಬೀಸಿನ ಅಂಕಿ, ಹಾಗಾಗಿ ನೇರ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೂ ಸಮುದ್ರ ಬಂದು ಸೇರುವ ನದೀಮುಖದ ಮೇಲೆ ಅಷ್ಟು ಎತ್ತರದ ಸೇತುವೆ!

ಸ್ಟೋಕ್ಸ್ ಇದ್ದ ಸಮಿತಿ ಚದರ ಅಡಿಗೆ 56 ಪೌಂಡ್ ಹಿಡಿಯಬೇಕು ಎಂದಿತು. ಸುಮಾರು 2,700 ನ್ಯೂಟನ್. ಅದರ ಮೇಲೆ ಕಬ್ಬಿಣಕ್ಕೆ ನಾಲ್ಕು ಪಟ್ಟು ಸುರಕ್ಷತಾ ಅಂತರ. ಸಮಿತಿಯಲ್ಲಿ ಹಾಕ್‌ಷಾ, ಆರ್ಮ್‌ಸ್ಟ್ರಾಂಗ್, ಬಾರ್ಲೋ, ಯೋಲಂಡ್ ಇದ್ದರು. ಎಲ್ಲ ಎಂಜಿನಿಯರುಗಳು, ಯೋಲಂಡ್ ರೈಲ್ವೆ ತನಿಖಾಧಿಕಾರಿ. ಶುದ್ಧ ಗಣಿತದವರು ಸ್ಟೋಕ್ಸ್ ಒಬ್ಬರೇ. 1890ರಲ್ಲಿ ತೆರೆದ ಫೋರ್ತ್ ಸೇತುವೆ ಕಟ್ಟಿದ್ದು ಈ 56ರ ಲೆಕ್ಕದಲ್ಲೇ. ಇವತ್ತಿಗೂ ಅದರ ಮೇಲೆ ರೈಲು ಓಡುತ್ತಿದೆ.

56 ನಿಜಕ್ಕೂ ಜಾಸ್ತಿಯೇ. ಫೋರ್ತ್ ಸೇತುವೆಯ ಎಂಜಿನಿಯರ್ ಬೆಂಜಮಿನ್ ಬೇಕರ್ ಕೆಲಸದ ಜಾಗದಲ್ಲೇ 300 ಚದರ ಅಡಿಯ ದೊಡ್ಡ ಹಲಗೆಯನ್ನೂ ಒಂದೂವರೆ ಚದರ ಅಡಿಯ ಚಿಕ್ಕ ಹಲಗೆಯನ್ನೂ ನಿಲ್ಲಿಸಿ ಗಾಳಿ ಅಳೆದರು. ದೊಡ್ಡದರ ಮೇಲೆ ಚದರ ಅಡಿಗೆ ಬೀಳುವ ಒತ್ತಡ ಸಾಕಷ್ಟು ಕಮ್ಮಿ ಇತ್ತು. ಗಾಳಿಯ ಹೊಡೆತ ಎಲ್ಲ ಕಡೆ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಆ ಮಟ್ಟಿಗೆ ಏರಿ ಹೇಳಿದ ತತ್ವ ಸರಿ, ಅಂಕಿ ತಪ್ಪು.

ಭೌತಶಾಸ್ತ್ರ ಮೇಷ್ಟ್ರು:

ಸಿವಿಲ್ ಅವರೇ, ಇದಕ್ಕೊಂದು ಮಾತು ಸೇರಿಸಬೇಕು. ಆಗ ಗಾಳಿಯ ವೇಗ ಅಳೆಯುತ್ತಿದ್ದದ್ದು ನಾಲ್ಕು ಬಟ್ಟಲು ತಿರುಗುವ ಯಂತ್ರದಿಂದ. ಅದನ್ನು 1846ರಲ್ಲಿ ರೂಪಿಸಿದವರು ಐರ್ಲೆಂಡಿನ ಅರ್ಮಾ ಖಗೋಳ ವೀಕ್ಷಣಾಲಯದ ಮುಖ್ಯಸ್ಥ ಥಾಮಸ್ ರೋಮ್ನಿ ರಾಬಿನ್‌ಸನ್. ಅವರೂ ಪಾದ್ರಿ. ಸ್ಟೋಕ್ಸ್‌ಗೆ ಮಾವ!

ಬಟ್ಟಲಿನ ವೇಗವನ್ನು ಮೂರರಿಂದ ಗುಣಿಸಿದರೆ ಗಾಳಿಯ ವೇಗ ಸಿಗುತ್ತದೆ, ಯಂತ್ರ ಚಿಕ್ಕದಿರಲಿ ದೊಡ್ಡದಿರಲಿ, ಅಂತ ರಾಬಿನ್‌ಸನ್ ನಂಬಿದ್ದರು. ವರ್ಷಾನುಗಟ್ಟಲೆ ಎಲ್ಲ ಕಡೆ ಹಾಗೇ ಗುಣಿಸಿದರು. ಯಂತ್ರವನ್ನು ಉದ್ದ ತೋಳಿಗೆ ಕಟ್ಟಿ ಗರಗರ ತಿರುಗಿಸಿ ಪರೀಕ್ಷೆ ಮಾಡಿದಾಗ ಮೂರು ಜಾಸ್ತಿ ಅಂತ ಗೊತ್ತಾಯಿತು. ಆ ಫಲಿತಾಂಶಗಳನ್ನು ವಿಶ್ಲೇಷಿಸಿ 1881ರಲ್ಲಿ ಪ್ರಕಟಿಸಿದವರು ಸ್ಟೋಕ್ಸ್. ಮಾವ ಇನ್ನೂ ಬದುಕಿದ್ದರು. ಮನೆಯವರ ಯಂತ್ರ ಅಂತ ಲೆಕ್ಕವನ್ನು ಮೆತ್ತಗೆ ಮಾಡಲಿಲ್ಲ.

ಸುಮ್ನೆ ಕೇಳ್ತೀನಿ:

ಎಲ್ಲಾ ಚೆನ್ನಾಗಿದೆ. ಆದರೆ ಇವರೂ ಪಾದ್ರಿ, ಅವರೂ ಪಾದ್ರಿ ಅಂತ ಎಣಿಸುವುದರಲ್ಲಿ ಏನು ಅರ್ಥ ಸರ್? 1871ರ ಕಾನೂನು ಬರುವವರೆಗೆ ಕೇಂಬ್ರಿಡ್ಜ್‌ನಲ್ಲಿ ಫೆಲೋ, ಅಂದರೆ ಕಾಲೇಜಿನ ಸದಸ್ಯ ವಿದ್ವಾಂಸ, ಆಗಬೇಕಾದರೆ ಇಂಗ್ಲೆಂಡ್ ಚರ್ಚಿಗೆ ಸೇರಿದವರೇ ಆಗಿರಬೇಕಿತ್ತು. ಬೇರೆಯವರಿಗೆ ಬಾಗಿಲೇ ಮುಚ್ಚಿತ್ತು. ಒಳಗೆ ಬಿಟ್ಟಿದ್ದೇ ಅವರನ್ನು. ಆಮೇಲೆ 'ನೋಡಿ, ಒಳಗಿದ್ದವರೆಲ್ಲ ಭಕ್ತರು' ಅಂದರೆ ಹೇಗೆ?

ಇನ್ನೊಂದು ಮಾತು. ಸ್ಟೋಕ್ಸ್ ಗಣಿತದಿಂದ ಒಂದು ಜೀವವಾದರೂ ಉಳಿಯಿತಾ? ಡೀ ಸೇತುವೆ ಬಿದ್ದದ್ದು ಬೀಡು ಕಬ್ಬಿಣದಿಂದ. ಎಳೆತ ತಡೆಯುವ ಶಕ್ತಿ ಅದಕ್ಕೆ ಕಮ್ಮಿ. ಅದನ್ನು ಹೇಳೋಕೆ ಅವಕಲ ಸಮೀಕರಣ ಬೇಕಾ? ಟೇ ಸೇತುವೆ ಬಿದ್ದದ್ದು ಕಳಪೆ ಕೆಲಸದಿಂದ. ಅದಕ್ಕೂ ದೇವಶಾಸ್ತ್ರ ಬೇಡ.

ಬಲ್ಮಠದ ವಿದ್ಯಾರ್ಥಿನಿ:

ನಾನು ಮಂಗಳೂರಿನಲ್ಲಿ ಕ್ರೈಸ್ತ ದೇವಶಾಸ್ತ್ರ ಓದುತ್ತಿದ್ದೇನೆ. 'ಸುಮ್ನೆ ಕೇಳ್ತೀನಿ' ಅವರ ಮೊದಲ ಮಾತು ನೂರಕ್ಕೆ ನೂರು ಸರಿ. ತಲೆ ಎಣಿಸಿ ಏನೂ ಸಾಬೀತಾಗುವುದಿಲ್ಲ. ಆದರೆ ಸ್ಟೋಕ್ಸ್ ವಿಷಯ ಬೇರೆ. ಅವರು ದೀಕ್ಷೆ ಪಡೆದ ಪಾದ್ರಿಯಲ್ಲ. ದೇವಶಾಸ್ತ್ರ ಬರೆಯಲೇಬೇಕೆಂಬ ಕಟ್ಟುಪಾಡು ಅವರಿಗಿರಲಿಲ್ಲ. ಬರೆದದ್ದು ವಯಸ್ಸಾದ ಮೇಲೆ, ತಾವಾಗಿಯೇ. ಬರೆದದ್ದೂ ಚರ್ಚಿಗೆ ಪೂರ್ತಿ ಒಗ್ಗುವಂಥದ್ದಲ್ಲ.

ಅವರ ಮುಖ್ಯ ವಾದ ಇದು. ಮನುಷ್ಯನ ಆತ್ಮ ತಾನಾಗಿಯೇ ಅಮರವಲ್ಲ. ಅಮರತ್ವ ದೇವರು ಕ್ರಿಸ್ತನ ಮೂಲಕ ಕೊಡುವುದು. ಹಾಗಾಗಿ ಕೆಟ್ಟವರು ಎಂದೆಂದಿಗೂ ನರಕದ ಬೆಂಕಿಯಲ್ಲಿ ಬೇಯುತ್ತಾರೆ ಎಂಬ ಬೋಧನೆಯನ್ನು ಅವರು ಒಪ್ಪಲಿಲ್ಲ. ಷರತ್ತಿನ ಅಮರತ್ವ ಅಂತ ಇದಕ್ಕೆ ಹೆಸರು. ಬೈಬಲ್ಲಿನ ಮಾತಿಗೆ ಕಟ್ಟುನಿಟ್ಟಾಗಿ ಅಂಟಿಕೊಂಡ ಆ ಕಾಲದ ಇವ್ಯಾಂಜೆಲಿಕಲ್ ವಲಯದಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಸಣ್ಣ ಧೈರ್ಯವಲ್ಲ. ಶಿಕ್ಷಿಸಲು ಕಾಯುತ್ತಾ ಕೂತ ದೇವರು ಎಂಬ ಚಿತ್ರವೇ ಅವರಿಗೆ ಹಿಡಿಸುತ್ತಿರಲಿಲ್ಲ. ಇದನ್ನು ಟೇ ಸೇತುವೆಯ ಪಕ್ಕ ಇಟ್ಟು ನೋಡಿ.

ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಒಂದು ಕಟ್ಟಡ ಕುಸಿತವೇ ಬರುತ್ತದೆ. ಸಿಲೋವದ ಬುರುಜು ಬಿದ್ದು ಹದಿನೆಂಟು ಜನ ಸಾಯುತ್ತಾರೆ. ಯೆರೂಸಲೇಮಿನ ಉಳಿದವರಿಗಿಂತ ಅವರು ಹೆಚ್ಚು ಪಾಪಿಗಳು ಅಂದುಕೊಂಡಿರಾ, ಹಾಗಲ್ಲ, ಅನ್ನುತ್ತಾನೆ ಯೇಸು. ಭಾನುವಾರದ ರೈಲಿಗೆ ಸಿಕ್ಕ ಶಿಕ್ಷೆ ಎಂದ ಉಪದೇಶಕರು ತಮ್ಮದೇ ಗ್ರಂಥದ ಈ ಮಾತನ್ನು ಪಕ್ಕಕ್ಕಿಟ್ಟರು. ನನಗೆ ಇದು ತುಂಬಾ ನೋವಿನ ವಿಷಯ. ಆ ರೈಲಿನಲ್ಲಿ ಮಕ್ಕಳೂ ಇದ್ದರು. ಮನೆಯವರು ನದೀತೀರದಲ್ಲಿ ಹೆಣಕ್ಕಾಗಿ ಕಾಯುತ್ತಿದ್ದ ದಿನಗಳಲ್ಲೇ ಈ ಮಾತು ಕೇಳಬೇಕಾಯಿತು.

ಪ್ರಕೃತಿ ನಿಯಮ ಮತ್ತು ಪವಾಡದ ಬಗ್ಗೆಯೂ ಸ್ಟೋಕ್ಸ್ ಬರೆದಿದ್ದಾರೆ. ನಿಯಮವೂ ದೇವರ ಇಚ್ಛೆಯೇ, ಆದ್ದರಿಂದ ಆತ ಅದನ್ನು ತಡೆಹಿಡಿಯಬಲ್ಲ ಎಂಬ ನಿಲುವು. ಅದನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ನಿಯಮವನ್ನು ದೇವರ ಇಚ್ಛೆ ಅಂದುಕೊಂಡವರಿಗೆ ಕಬ್ಬಿಣ ಎಷ್ಟು ಭಾರಕ್ಕೆ ಮುರಿಯುತ್ತದೆ ಅಂತ ಸರಿಯಾಗಿ ತಿಳಿಯುವುದೂ ಭಕ್ತಿಯ ಕೆಲಸವೇ.

ಸೇಫ್ಟಿ ರಾಜಣ್ಣನ ಮಗಳು:

ನಮ್ಮಪ್ಪ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದರು, ನಾನೂ ಅದೇ ಕೆಲಸದಲ್ಲಿದ್ದೇನೆ. ನಮಗೆ ಟೇ ಸೇತುವೆಯ ಪಾಠ ಗಾಳಿಯದ್ದಲ್ಲ.

ವಿಚಾರಣೆಯ ಅಧ್ಯಕ್ಷರಾಗಿದ್ದ ರಾಥೆರಿ ತಮ್ಮ ವರದಿಯಲ್ಲಿ ಮೂರು ತಪ್ಪು ಬರೆದರು: ಕೆಟ್ಟ ವಿನ್ಯಾಸ, ಕೆಟ್ಟ ನಿರ್ಮಾಣ, ಕೆಟ್ಟ ನಿರ್ವಹಣೆ. ಕಂಬಗಳು ಬೀಡು ಕಬ್ಬಿಣದವು. ಅಡ್ಡಪಟ್ಟಿಗಳನ್ನು ಬಿಗಿಯುವ ಕಿವಿಗಳನ್ನೂ ಕಂಬದ ಜೊತೆಗೇ ಎರಕ ಹೊಯ್ದಿದ್ದರು. ಬೋಲ್ಟಿನ ತೂತುಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಹಾಗಾಗಿ ಬೋಲ್ಟ್ ಪೂರ್ತಿ ಕೂರುತ್ತಿರಲಿಲ್ಲ. ಭಾರವೆಲ್ಲ ಅಂಚಿನ ಮೇಲೆ. ಎರಕದಲ್ಲಿ ಉಳಿದ ಗುಳಿಗಳನ್ನು ಜೇನುಮೇಣ, ರಾಳ, ಕಬ್ಬಿಣದ ಪುಡಿ, ಮಸಿ ಕಲಸಿದ ಮುದ್ದೆಯಿಂದ ಮುಚ್ಚಿ ಮೇಲೆ ನುಣ್ಣಗೆ ಮಾಡುತ್ತಿದ್ದರು. ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಇನ್ನು ನಿರ್ವಹಣೆ. ಸೇತುವೆ ನೋಡಿಕೊಳ್ಳಲು ಇಟ್ಟಿದ್ದ ಹೆನ್ರಿ ನೋಬಲ್‌ಗೆ ಇಟ್ಟಿಗೆ ಕೆಲಸ ಗೊತ್ತು, ಕಬ್ಬಿಣದ ಕೆಲಸ ಗೊತ್ತಿಲ್ಲ. ಅಡ್ಡಪಟ್ಟಿಗಳು ಕಟಕಟ ಸದ್ದು ಮಾಡುವುದು ಅವನ ಕಿವಿಗೆ ಬಿತ್ತು. ಸಡಿಲಾದ ಕಡೆ ಕಬ್ಬಿಣದ ಚೂರು ತುರುಕಿ ಸದ್ದು ನಿಲ್ಲಿಸಿದ. ಅವನಿಗೆ ತಿಳಿದಷ್ಟು ಮಾಡಿದ, ಪಾಪ. ಅವನ ಮೇಲೆ ನನಗೆ ಕೋಪವಿಲ್ಲ. ಕಬ್ಬಿಣ ತಿಳಿಯದವನನ್ನು ಅಲ್ಲಿಗೆ ಹಾಕಿದವರ ಮೇಲೆ ಕೋಪ ಬರುತ್ತದೆ. ಆ ಸದ್ದು ಏನು ಹೇಳುತ್ತಿದೆ ಅಂತ ತಿಳಿದವರೊಬ್ಬರು ಅಲ್ಲಿ ಇದ್ದಿದ್ದರೆ ಸಾಕಿತ್ತು.

ಹಾಗಂತ ಲೆಕ್ಕ ಬೇಡ ಅನ್ನುವುದು ಸರಿಯಲ್ಲ. ಗಾಳಿಗೆ ಇಷ್ಟು ಅಂತ ಬರೆದ ನಿಯಮವೇ ಇಲ್ಲದಿದ್ದರೆ ತನಿಖಾಧಿಕಾರಿ ಯಾವುದರ ಮುಂದೆ ಸೇತುವೆಯನ್ನು ಅಳೆಯಬೇಕು? ಟೇ ಸೇತುವೆಯನ್ನು ತೆರೆಯುವ ಮುಂಚೆ ಸರ್ಕಾರದ ಅಧಿಕಾರಿ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟಿದ್ದರು. 56 ಎಂಬ ಅಂಕಿ ಬಂದ ಮೇಲೆ ಹಾಗೆ ಆಗುವಂತಿರಲಿಲ್ಲ.

ಭೌತಶಾಸ್ತ್ರ ಮೇಷ್ಟ್ರು:

ಡೀ ಸೇತುವೆಯ ಗಣಿತದಿಂದ ಏನು ಉಪಯೋಗ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ವಿಲ್ಲಿಸ್ ಪ್ರಯೋಗಗಳಲ್ಲಿ ಬಾಗುವಿಕೆ ತುಂಬಾ ಹೆಚ್ಚಾಗುವುದು ಕಂಡಾಗ ಎಲ್ಲರೂ ಗಾಬರಿಯಾದರು. ಅದು ನಿಜವಾದ ಸೇತುವೆಗೂ ಹಾಗೇ ಅನ್ವಯಿಸಿದರೆ ವೇಗದ ರೈಲುಗಳನ್ನೇ ನಿಲ್ಲಿಸಬೇಕಾಗುತ್ತಿತ್ತು. ಸ್ಟೋಕ್ಸ್ ತೋರಿಸಿದ್ದು ಏನೆಂದರೆ, ಇಡೀ ವಿಷಯ ಒಂದೇ ಒಂದು ಸಂಖ್ಯೆಯ ಮೇಲೆ ನಿಂತಿದೆ. ಸೇತುವೆಯ ಉದ್ದ, ರೈಲಿನ ವೇಗ, ಅದೇ ಭಾರ ನಿಂತಿದ್ದಾಗ ಆಗುವ ಬಾಗುವಿಕೆ, ಇವು ಸೇರಿ ಆ ಸಂಖ್ಯೆ ಬರುತ್ತದೆ. ಪ್ರಯೋಗಶಾಲೆಯ ತೆಳು ಕಂಬಿಗೆ ಅದು ಒಂದು ಥರ, ನಿಜವಾದ ಉದ್ದ ಸೇತುವೆಗೆ ಇನ್ನೊಂದು ಥರ. ನಿಜವಾದ ಸೇತುವೆಯಲ್ಲಿ ವೇಗದಿಂದ ಆಗುವ ಹೆಚ್ಚಳ ಸಣ್ಣದು.

ಅಂದರೆ ತಪ್ಪು ಅಪರಾಧಿಯನ್ನು ಬಿಟ್ಟು ಕಳಿಸಿದರು. ಆಗ ಕಬ್ಬಿಣದ ಕಡೆಗೆ ತಿರುಗಲೇಬೇಕಾಯಿತು. ಅಪಘಾತದ ತನಿಖೆಯಲ್ಲಿ ಇದು ದೊಡ್ಡ ಕೆಲಸ ಅಲ್ವಾ?

ಇನ್ನೂ ಒಂದಿದೆ. ಮೊದಲ ಲೆಕ್ಕದಲ್ಲಿ ಸೇತುವೆಗೆ ತೂಕವೇ ಇಲ್ಲ ಅಂತ ಹಿಡಿದಿದ್ದರು, ಇಲ್ಲದಿದ್ದರೆ ಸಮೀಕರಣ ಬಗ್ಗುತ್ತಿರಲಿಲ್ಲ. ಅದನ್ನು ಮುಚ್ಚಿಡಲಿಲ್ಲ. ಸೇತುವೆಯ ತೂಕ ರೈಲಿಗಿಂತ ತುಂಬಾ ಜಾಸ್ತಿ ಇದ್ದರೆ ಏನಾಗುತ್ತದೆ ಎಂಬುದನ್ನೂ ಬೇರೆಯಾಗಿ ಲೆಕ್ಕ ಹಾಕಿದರು. ನನ್ನ ಸೂತ್ರ ಇಲ್ಲಿಯವರೆಗೆ ಮಾತ್ರ, ಆಚೆಗೆ ಇನ್ನೊಂದು ಬೇಕು ಅಂತ ಗೆರೆ ಎಳೆಯುವ ಅಭ್ಯಾಸ ಅದು. ದೇವಶಾಸ್ತ್ರದಲ್ಲೂ ಅದೇ ಗೆರೆ ನನಗೆ ಕಾಣುತ್ತದೆ. ವಿಜ್ಞಾನಕ್ಕೆ ತಿಳಿದ ನಿಯಮಗಳೇ ಎಲ್ಲವೂ ಅಲ್ಲ ಅಂತ ಅಲ್ಲಿ ಹೇಳಿದರು. ಆದರೆ ಸೇತುವೆಯ ತನಿಖೆಗೆ ಬಂದಾಗ ಗೆರೆಯಾಚೆಯ ದೇವರನ್ನು ಕಾರಣವಾಗಿ ತರಲಿಲ್ಲ. ಎರಡಕ್ಕೂ ಒಂದೇ ಶಿಸ್ತು.

ಸುಮ್ನೆ ಕೇಳ್ತೀನಿ:

ತಪ್ಪು ಅಪರಾಧಿಯನ್ನು ಬಿಟ್ಟು ಕಳಿಸಿದರು ಎಂಬುದನ್ನು ಒಪ್ಪುತ್ತೇನೆ, ಅದು ನಿಜವಾದ ಕೆಲಸ. ದೇವರ ಭಾಗ ಒಪ್ಪುವುದಿಲ್ಲ. ಗೆರೆ ಎಳೆಯುವುದು ಒಳ್ಳೆ ಗಣಿತಜ್ಞರ ಗುಣ, ನಾಸ್ತಿಕರಿಗೂ ಇರುತ್ತದೆ.

ಕೋಲಾರದವನು:

ನಂಬಿಕೆಯಿಂದ ಸುರಕ್ಷತೆಗೆ ನೇರವಾಗಿ ಸಹಾಯ ಆದದ್ದಕ್ಕೆ ಉದಾಹರಣೆ ಬೇಕಾದರೆ ಸ್ಟೋಕ್ಸ್‌ಗಿಂತ ಹಿಂದಕ್ಕೆ ಹೋಗಬೇಕು. 1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸ್ಫೋಟವಾಗಿ 92 ಜನ ಸತ್ತರು. ಅದರಲ್ಲಿ ಚಿಕ್ಕ ಹುಡುಗರೇ ಬಹಳ. ಗಣಿ ಅಪಘಾತಗಳ ಬಗ್ಗೆ ಜಾಸ್ತಿ ಬರೆಯುವುದು ಮಾಲೀಕರಿಗೆ ಇಷ್ಟವಿರಲಿಲ್ಲ. ಸತ್ತವರನ್ನು ಮಣ್ಣು ಮಾಡಿದ ಪಾದ್ರಿ ಜಾನ್ ಹಾಡ್ಜ್‌ಸನ್ ಗಣಿಯ ನಕ್ಷೆ ಸಮೇತ ಪೂರ್ತಿ ವಿವರ ಅಚ್ಚು ಹಾಕಿಸಿದರು. ಅದರಿಂದ ಎದ್ದ ಕಾಳಜಿಯಲ್ಲೇ ಸಂಡರ್‌ಲೆಂಡಿನಲ್ಲಿ ಒಂದು ಸಂಘ ಹುಟ್ಟಿತು. ಅದರ ಪರವಾಗಿ ಇನ್ನೊಬ್ಬ ಪಾದ್ರಿ ರಾಬರ್ಟ್ ಗ್ರೇ ಹಂಫ್ರಿ ಡೇವಿಯನ್ನು ಕೇಳಿಕೊಂಡರು. 1815ರಲ್ಲಿ ಜಾಲರಿ ದೀಪ ಬಂತು. ತಂತಿ ಜಾಲರಿ ಜ್ವಾಲೆಯ ಶಾಖವನ್ನು ಹೀರಿ ಹರಡುತ್ತದೆ, ಹೊರಗಿನ ಅನಿಲಕ್ಕೆ ಬೆಂಕಿ ದಾಟುವುದಿಲ್ಲ.

ಇಲ್ಲಿ ಪಾದ್ರಿ ಮಾಡಿದ್ದು ಸಾವನ್ನು ಮುಚ್ಚಿಡಲು ಬಿಡದೇ ಇದ್ದದ್ದು. ಮುಂದಿನದು ಭೌತಶಾಸ್ತ್ರ. ದೀಪ ಬಂದ ಮೇಲೆ ಮಾಲೀಕರು ಇನ್ನೂ ಅಪಾಯದ ಗಣಿಗಳಿಗೆ ಜನರನ್ನು ಇಳಿಸಿದರು ಎಂಬುದೂ ಅಷ್ಟೇ ನಿಜ.

ಮೇಷ್ಟ್ರೇ, ನಿಮ್ಮ ಹರಳೆಣ್ಣೆ ಪ್ರಯೋಗಕ್ಕೂ ನಮ್ಮ ಕಡೆಯ ಕಾಯಿಲೆಗೂ ಸಂಬಂಧ ಇದೆ ಅಂತ ಎಲ್ಲೋ ಕೇಳಿದ್ದೆ. ಕೆಜಿಎಫ್ ಗಣಿಯಲ್ಲಿ ದುಡಿದವರ ಎದೆಗೆ ಕಲ್ಲಿನ ಧೂಳಿನಿಂದ ಹತ್ತುತ್ತಿದ್ದ ಸಿಲಿಕೋಸಿಸ್. ಭಾರತದಲ್ಲಿ ಅದರ ಮೊದಲ ವರದಿ ಬಂದದ್ದೇ ಅಲ್ಲಿಂದ, 1934ರಲ್ಲಿ. ಯಾರಾದರೂ ಬಿಡಿಸಿ ಹೇಳಿ.

ಸೇಫ್ಟಿ ರಾಜಣ್ಣನ ಮಗಳು:

ಕೋಲಾರದ ಅಣ್ಣ, ಇದು ನನ್ನ ಕೆಲಸಕ್ಕೆ ನೇರ ಸಂಬಂಧಪಟ್ಟದ್ದು.

ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ನಿಯಮ ಎಣ್ಣೆಯಲ್ಲಿ ಇಳಿಯುವ ಗುಂಡಿಗೆ ಮಾತ್ರವಲ್ಲ, ಗಾಳಿಯಲ್ಲಿ ಇಳಿಯುವ ಧೂಳಿನ ಕಣಕ್ಕೂ ಅನ್ವಯ. ಇಳಿಯುವ ವೇಗ ಕಣದ ಗಾತ್ರದ ವರ್ಗಕ್ಕೆ ತಕ್ಕಂತೆ. ಗಾತ್ರ ಹತ್ತು ಪಟ್ಟು ಕಮ್ಮಿಯಾದರೆ ವೇಗ ನೂರು ಪಟ್ಟು ಕಮ್ಮಿ.

ಗ್ರಾನೈಟ್ ಕತ್ತರಿಸುವಾಗ ಏಳುವ ಕ್ವಾರ್ಟ್ಜ್ ಧೂಳು ತೆಗೆದುಕೊಳ್ಳಿ. ಗಾಳಿ ಅಲುಗಾಡದೆ ನಿಂತಿದೆ, ಕಣ ಮೂಗಿನ ಎತ್ತರದಲ್ಲಿದೆ, ಸುಮಾರು ಒಂದೂವರೆ ಮೀಟರ್. ಮಿಲಿಮೀಟರಿನ ಹತ್ತನೇ ಒಂದು ಭಾಗದ ಕಣ ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಬೀಳುತ್ತದೆ. 10 ಮೈಕ್ರಾನ್ ಕಣಕ್ಕೆ ಸುಮಾರು ಮೂರು ನಿಮಿಷ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). 1 ಮೈಕ್ರಾನ್ ಕಣಕ್ಕೆ ಸುಮಾರು ಐದು ಗಂಟೆ. ನಿಜವಾದ ಶೆಡ್ಡಿನಲ್ಲಿ ಗಾಳಿ ಆಡುತ್ತಲೇ ಇರುತ್ತದೆ, ಅಲ್ಲಿ ಅದು ಇಳಿಯುವುದೇ ಇಲ್ಲ ಅನ್ನಿ. ಶ್ವಾಸಕೋಶದ ತುದಿಯವರೆಗೆ ಹೋಗಿ ಅಲ್ಲೇ ಉಳಿಯುವುದೂ ಈ ಸಣ್ಣ ಕಣಗಳೇ. ದೊಡ್ಡವು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಂಡು ಹೊರಗೆ ಬರುತ್ತವೆ.

ಅಂದರೆ ಕಣ್ಣಿಗೆ ಕಾಣುವ ಧೂಳು ಅಡಗಿತು, ಈಗ ಒಳಗೆ ಹೋಗಬಹುದು ಅನ್ನುವುದು ತಪ್ಪು. ಕಾಣದೇ ಇರುವುದು ಇನ್ನೂ ಅಲ್ಲೇ ತೇಲುತ್ತಿರುತ್ತದೆ.

ಕೋಲಾರದವನು:

ತುಂಬಾ ಉಪಕಾರ ಆಯ್ತಮ್ಮ. ನಮ್ಮ ಪಕ್ಕದ ಮನೆ ಹುಡುಗ ಜಿಗಣಿಯಲ್ಲಿ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುತ್ತಾನೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುತ್ತಾನೆ. ಅವನಿಗೆ ಏನು ಹೇಳಲಿ?

ಸೇಫ್ಟಿ ರಾಜಣ್ಣನ ಮಗಳು:

ಕರವಸ್ತ್ರದಿಂದ ಆಗುವುದಿಲ್ಲ ಅಣ್ಣ. ಆ ಸಣ್ಣ ಕಣಗಳು ಬಟ್ಟೆಯ ನೂಲಿನ ಸಂದಿಯಲ್ಲಿ ಸಲೀಸಾಗಿ ದಾಟುತ್ತವೆ. ಮೊದಲು ಕೇಳಬೇಕಾದದ್ದು ಕತ್ತರಿಸುವಾಗ, ಉಜ್ಜುವಾಗ ನೀರು ಬಿಡುತ್ತಾರಾ ಅಂತ. ಧೂಳು ಗಾಳಿಗೆ ಏಳುವ ಮುಂಚೆಯೇ ಹಿಡಿಯಬೇಕು, ಎದ್ದ ಮೇಲೆ ಕಷ್ಟ. ಒಣಗಿಯೇ ಮಾಡಬೇಕಾದ ಅಂಚಿನ ಕೆಲಸ ಇದ್ದರೆ ಉಪಕರಣದ ಪಕ್ಕದಲ್ಲೇ ಧೂಳು ಹೀರುವ ಕೊಳವೆ ಇರಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸಬಾರದು, ನೀರು ಹಾಕಿ ತೊಳೆಯಬೇಕು. ಬಟ್ಟೆಯನ್ನು ಗಾಳಿ ಒತ್ತಡದ ಪೈಪಿನಿಂದ ಊದಿಕೊಳ್ಳಬಾರದು. ಎಷ್ಟೋ ಹುಡುಗರು ಇದನ್ನು ಮಾಡುತ್ತಾರೆ. ಇವೆಲ್ಲ ಆದ ಮೇಲೆ ಮಾಸ್ಕ್, ಅದೂ ಎನ್95 ದರ್ಜೆಯದ್ದು, ಗಡ್ಡದ ಮೇಲೆ ಸಡಿಲ ಕೂರದ ಹಾಗೆ.

ಇಎಸ್‌ಐ ಕಾರ್ಡ್ ಇದೆಯಾ ಕೇಳಿ. ಇದ್ದರೆ ಎದೆಯ ಎಕ್ಸ್‌ರೇ ಈಗಲೇ ತೆಗೆಸಿ ಇಟ್ಟುಕೊಳ್ಳಲಿ, ಕೆಮ್ಮು ಶುರುವಾಗಲಿ ಅಂತ ಕಾಯುವುದು ಬೇಡ. ಸಿಲಿಕೋಸಿಸ್ ಕಾನೂನಿನಲ್ಲೇ ಹೆಸರಿಸಿರುವ ಔದ್ಯೋಗಿಕ ಕಾಯಿಲೆ. ಎಷ್ಟು ವರ್ಷದಿಂದ ಯಾವ ಕೆಲಸ ಮಾಡುತ್ತಿದ್ದೇನೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಬೇಕು. ಹೇಳದಿದ್ದರೆ ಕ್ಷಯ ಅಂದುಕೊಂಡು ಅದಕ್ಕೇ ಔಷಧ ಕೊಟ್ಟು ಕಳಿಸುವುದು ಬಹಳ ಕಡೆ ಆಗುತ್ತದೆ. ಅವನು ಮಾಡುವುದು ಯಾವ ಯಂತ್ರದ ಕೆಲಸ ಅಂತ ಕೇಳಿ ಇಲ್ಲೇ ಬರೆಯಿರಿ, ಅದಕ್ಕೆ ತಕ್ಕಂತೆ ಮುಂದಿನದು ಹೇಳುತ್ತೇನೆ.